ಹೆದ್ದಾರಿ ಕಪ್ಪು ಜನರ ಬಡಾವಣೆಯ ನಡುವೆಯೇ ಏಕೆ ಹೋಯಿತು? (ಸೇಂಟ್ ಪಾಲ್, ರೋಂಡೊ)

ಶಾಲ್ಮಲಾ_ತೀರ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ. ಸೇಂಟ್ ಪಾಲ್‌ನಿಂದ ಮಿನಿಯಾಪೊಲಿಸ್‌ಗೆ ಕೆಲಸಕ್ಕೆ ಹೋಗುವುದು ಐ-94 ಹೆದ್ದಾರಿಯಲ್ಲೇ. ಈ ರಸ್ತೆ ಇರುವ ಜಾಗದಲ್ಲಿ ಮೊದಲು ರೋಂಡೊ ಅನ್ನುವ ಬಡಾವಣೆ ಇತ್ತಂತೆ. ಸೇಂಟ್ ಪಾಲ್‌ನ ಕಪ್ಪು ಜನರಲ್ಲಿ ಬಹುಪಾಲು ಇದ್ದದ್ದು ಅಲ್ಲೇ. 1956ರಿಂದ 1968ರೊಳಗೆ 600ಕ್ಕೂ ಜಾಸ್ತಿ ಮನೆ ಕೆಡವಿ ಹೆದ್ದಾರಿ ಮಾಡಿದರು. ಇದನ್ನು ಓದಿದ ಮೇಲೆ ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ಮನಸ್ಸು ಅದನ್ನೇ ಕೇಳುತ್ತಿರುತ್ತದೆ.

ಆಫೀಸಿನಲ್ಲಿ ಒಬ್ಬರು ಹೇಳಿದರು: "ರಸ್ತೆ ಎಲ್ಲಾದರೂ ಹೋಗಲೇಬೇಕಲ್ವಾ, ಜಾಗ ಎಲ್ಲಿ ಅಗ್ಗವೋ ಅಲ್ಲಿ ಹೋಯಿತು, ಅದರಲ್ಲಿ ಜನಾಂಗದ ಮಾತು ಯಾಕೆ?" ನನಗೆ ಆ ಉತ್ತರ ಸಾಲಲಿಲ್ಲ. ಆದರೆ ತಿರುಗಿ ಹೇಳುವಷ್ಟು ವಿಷಯವೂ ನನ್ನ ಹತ್ತಿರ ಇರಲಿಲ್ಲ. ಇದು ನಿಜಕ್ಕೂ ಬರೀ ದುಡ್ಡಿನ ಲೆಕ್ಕವಾ? ಬೇರೆ ದಾರಿ ಇರಲೇ ಇಲ್ವಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಡಾಂಬರು:

ನಾನು ರಸ್ತೆ ಕೆಲಸದ ಇಂಜಿನಿಯರ್, ಅದಕ್ಕೇ ಮೊದಲು ಲೆಕ್ಕದ ಕಡೆಯಿಂದ ಹೇಳುತ್ತೇನೆ. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಹೆದ್ದಾರಿ ಕಾಯ್ದೆಯಲ್ಲಿ 41,000 ಮೈಲಿ ರಸ್ತೆಗೆ ಒಪ್ಪಿಗೆ ಸಿಕ್ಕಿತು. ಖರ್ಚಿನಲ್ಲಿ ನೂರಕ್ಕೆ 90 ಡಾಲರ್ ಕೇಂದ್ರ ಸರ್ಕಾರದ್ದು, ರಾಜ್ಯದ್ದು ಬರೀ 10. ಇಂಥ ಹಣ ಬಂದಾಗ ಯಾವ ರಾಜ್ಯವೂ ಬೇಡ ಅನ್ನುವುದಿಲ್ಲ. ಆಗಿನ ಇಂಜಿನಿಯರುಗಳು ವಾಹನ ಎಣಿಸುತ್ತಿದ್ದರು, ಎಷ್ಟು ನಿಮಿಷ ಉಳಿಯುತ್ತದೆ ಅಂತ ಲೆಕ್ಕ ಹಾಕುತ್ತಿದ್ದರು, ಜಾಗದ ಬೆಲೆ ನೋಡುತ್ತಿದ್ದರು. ಎದ್ದುಹೋಗುವ ಮನುಷ್ಯರಿಗೆ ಆ ಲೆಕ್ಕದಲ್ಲಿ ಒಂದು ಕಾಲಮ್ ಕೂಡ ಇರಲಿಲ್ಲ.

ಇನ್ನು "ಅಗ್ಗ" ಅನ್ನುವ ಮಾತು. ಆ ಜಾಗ ತಾನಾಗಿಯೇ ಅಗ್ಗವಾದದ್ದಲ್ಲ. 1930ರ ದಶಕದಲ್ಲಿ ಗೃಹಸಾಲದ ಸರ್ಕಾರಿ ಸಂಸ್ಥೆಯೊಂದು ಊರೂರಿನ ನಕ್ಷೆ ಮಾಡಿಸಿತು. ಕಪ್ಪು ಜನ ಇರುವ ಬೀದಿಗಳಿಗೆ ಹೆಚ್ಚುಕಡಿಮೆ ಎಲ್ಲ ಕಡೆ ಕೆಂಪು ಬಣ್ಣ ಬಳಿದರು, ಅಂದರೆ ಸಾಲ ಕೊಡುವುದು ಅಪಾಯ ಅಂತ. 1934ರಲ್ಲಿ ಶುರುವಾದ ಸಾಲಖಾತರಿ ಯೋಜನೆಯೂ ಅದೇ ದಾರಿ ಹಿಡಿಯಿತು. ಬ್ಯಾಂಕು ಸಾಲ ಕೊಡದಿದ್ದರೆ ಮನೆ ರಿಪೇರಿ ಆಗಲ್ಲ, ಮಾರಲು ಹೋದರೆ ಕೊಳ್ಳುವವನಿಗೂ ಸಾಲ ಸಿಗಲ್ಲ, ಬೆಲೆ ಇಳಿಯುತ್ತದೆ. ಇಪ್ಪತ್ತು ವರ್ಷ ಆದಮೇಲೆ ಇನ್ನೊಂದು ಇಲಾಖೆ ಬಂದು "ಇಲ್ಲಿ ಜಾಗ ಅಗ್ಗ, ಮನೆಗಳು ಹಳೆಯವು" ಅಂತ ವರದಿ ಬರೆಯಿತು. ಬೆಲೆ ಇಳಿಸಿದ್ದು ಸರ್ಕಾರ, ಇಳಿದ ಬೆಲೆಗೆ ಕೊಂಡದ್ದೂ ಸರ್ಕಾರ. ನಿಮ್ಮ ಆಫೀಸಿನವರಿಗೆ ಇಷ್ಟು ಹೇಳಿದರೂ ಸಾಕು.

ರೋಂಡೊದಲ್ಲಿ ಬೇರೆ ದಾರಿ ಖಂಡಿತ ಇತ್ತು. ಸೇಂಟ್ ಪಾಲ್‌ನ ನಗರ ಯೋಜನೆ ಇಂಜಿನಿಯರ್ ಜಾರ್ಜ್ ಹೆರಲ್ಡ್ ಸ್ವಲ್ಪ ಉತ್ತರಕ್ಕೆ, ರೈಲು ಹಳಿಗಳ ಪಕ್ಕದಲ್ಲಿ ರಸ್ತೆ ಹೋಗಲಿ ಅಂತ ಪಟ್ಟು ಹಿಡಿದಿದ್ದರು. ಅಲ್ಲಿ ಹೋದರೆ ಕೆಡವಬೇಕಾದ ಮನೆ ತುಂಬಾ ಕಡಿಮೆ. ಆ ಮಾತು ನಡೆಯಲಿಲ್ಲ. ನಮ್ಮ ವೃತ್ತಿಯಲ್ಲೇ ಹೀಗೆ ಹೇಳಿದವರೂ ಒಬ್ಬರಿದ್ದರು ಅನ್ನುವುದು ನನಗೆ ಮುಖ್ಯ, ಯಾಕೆಂದರೆ "ಆ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ" ಅನ್ನುವ ವಾದ ಅಲ್ಲಿಗೆ ಬಿದ್ದುಹೋಗುತ್ತದೆ.

ನೇಸರ_ಮೂಡಣ:

ಡಾಂಬರು ಅವರು ಹೇಳಿದ್ದು ಸರಿ. ಆದರೆ ಲೆಕ್ಕ ಅನ್ನುವ ಮಾತಿಗೆ ಅವರು ಜಾಸ್ತಿ ಜಾಗ ಬಿಟ್ಟರು ಅನ್ನಿಸಿತು. ಒಂದೇ ಊರಿನಲ್ಲಿ ಎರಡು ರಸ್ತೆಗಳ ಕಥೆ ನೋಡಿ, ಆಮೇಲೆ ಹೇಳಿ.

ನ್ಯೂ ಆರ್ಲಿಯನ್ಸ್‌ನಲ್ಲಿ ಟ್ರೆಮೆ ಅಂತ ಬಡಾವಣೆ, ದೇಶದ ಅತಿ ಹಳೆಯ ಕಪ್ಪು ಬಡಾವಣೆಗಳಲ್ಲಿ ಒಂದು. ಅದರ ನಡುವೆ ಕ್ಲೇಬೋರ್ನ್ ಅವೆನ್ಯೂ. ಅಗಲವಾದ ಬೀದಿ, ಮಧ್ಯದಲ್ಲಿ ಉದ್ದಕ್ಕೂ ಹುಲ್ಲು, ಎರಡು ಕಡೆ ದೊಡ್ಡ ದೊಡ್ಡ ಓಕ್ ಮರಗಳು. ಎರಡೂ ಬದಿಗೆ ಕಪ್ಪು ಜನರ ಅಂಗಡಿ, ವಿಮಾ ಕಂಪನಿ, ಶವಸಂಸ್ಕಾರದ ಸಂಸ್ಥೆ, ದರ್ಜಿ, ಔಷಧಿ ಅಂಗಡಿ. ಮಾರ್ಡಿ ಗ್ರಾ ಹಬ್ಬದ ದಿನ ಬಿಳಿಯರ ಮೆರವಣಿಗೆ ಬೀದಿಗಳಲ್ಲಿ ಇವರಿಗೆ ಜಾಗವಿರಲಿಲ್ಲ, ಹಾಗಾಗಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಬಂದು ಈ ಮರಗಳ ಕೆಳಗೇ ಹಬ್ಬ ಮಾಡುತ್ತಿದ್ದರು. 1966ರಲ್ಲಿ ಆ ಮರಗಳನ್ನು ಕಡಿದರು. ಅವುಗಳ ಜಾಗದಲ್ಲಿ ಐ-10ರ ಫ್ಲೈಓವರ್ ಕಂಬಗಳು ಎದ್ದವು. ಕಂಬದ ಕೆಳಗೆ ಕತ್ತಲೆ, ಸದ್ದು, ಹೊಗೆ. ಅಂಗಡಿಗಳು ಒಂದೊಂದಾಗಿ ಮುಚ್ಚಿದವು.

ಅದೇ ಊರಿನಲ್ಲಿ ಅದೇ ಕಾಲಕ್ಕೆ ಇನ್ನೊಂದು ಹೆದ್ದಾರಿಯ ಪ್ಲಾನ್ ಇತ್ತು, ನದಿಯ ದಂಡೆಯಲ್ಲಿ, ಫ್ರೆಂಚ್ ಕ್ವಾರ್ಟರ್ ಅನ್ನುವ ಹಳೆಯ ಬಡಾವಣೆಯ ಮುಂದೆಯೇ ಹಾದುಹೋಗುವಂಥದ್ದು. ಅದಕ್ಕೆ ವಿರೋಧ ಎದ್ದಿತು, ಪಾರಂಪರಿಕ ಕಟ್ಟಡಗಳ ಪರ ವಕೀಲರು ನಿಂತರು, ವರ್ಷಗಟ್ಟಲೆ ಜಗಳ ನಡೆಯಿತು, ಕೊನೆಗೆ 1969ರಲ್ಲಿ ಸಾರಿಗೆ ಸಚಿವ ಜಾನ್ ವೋಲ್ಪೆ ಆ ರಸ್ತೆಯನ್ನೇ ರದ್ದು ಮಾಡಿದರು. ಒಳ್ಳೆಯದೇ ಆಯಿತು, ನಾನು ಬೇಡ ಅನ್ನುವುದಿಲ್ಲ. ಆದರೆ ಟ್ರೆಮೆಯವರು ಮೊದಲೇ ಮರ ಕಳೆದುಕೊಂಡಿದ್ದರು. ಎರಡೂ ಹಳೆಯ ಬಡಾವಣೆ, ಎರಡಕ್ಕೂ ಚರಿತ್ರೆ ಇದೆ. ಒಂದರ ಚರಿತ್ರೆ ಮಾತ್ರ ಕಾಗದದಲ್ಲಿ ಬೆಲೆ ಪಡೆಯಿತು.

ನ್ಯಾಶ್‌ವಿಲ್ ವಿಷಯ ಇನ್ನೂ ಕಹಿ. ಅಲ್ಲಿ ಐ-40 ರಸ್ತೆ ಜೆಫರ್ಸನ್ ಸ್ಟ್ರೀಟ್ ಅನ್ನುವ ಕಪ್ಪು ವ್ಯಾಪಾರಿಗಳ ಬೀದಿಯ ಕಡೆಗೆ ಬಳುಕಿ ಹೋಗುತ್ತದೆ, ಕಪ್ಪು ಜನರ ಫಿಸ್ಕ್ ವಿಶ್ವವಿದ್ಯಾಲಯ ಇರುವ ಭಾಗ ಅದು. 1957ರಲ್ಲಿ ಸಾರ್ವಜನಿಕ ಸಭೆ ಅಂತ ಮಾಡಿದರು. ಅದರ ನೋಟಿಸ್ ಅಂಟಿಸಿದ್ದು ಬಿಳಿಯರ ಕಡೆಯ ಅಂಚೆ ಕಚೇರಿಗಳಲ್ಲಿ, ಅದರಲ್ಲೂ ತಾರೀಖು ತಪ್ಪು. ಜನ ಒಟ್ಟಾಗಿ 1967ರಲ್ಲಿ ಕೋರ್ಟಿಗೆ ಹೋದರು. ಮೇಲಿನ ಕೋರ್ಟು ಪರಿಣಾಮ ತೀವ್ರವಾಗಿರುತ್ತದೆ ಅಂತ ಒಪ್ಪಿತು, ಆದರೂ ರಸ್ತೆ ತಡೆಯಲಿಲ್ಲ. ಸುಪ್ರೀಂ ಕೋರ್ಟು ಕೇಸನ್ನು ತೆಗೆದುಕೊಳ್ಳಲೇ ಇಲ್ಲ.

ನ್ಯಾಶ್‌ವಿಲ್ ಇರುವ ಟೆನೆಸಿ ರಾಜ್ಯದ್ದೇ ಆದ ಮೆಂಫಿಸ್‌ನಲ್ಲಿ ಅದೇ ಐ-40 ಓವರ್‌ಟನ್ ಪಾರ್ಕ್ ಅನ್ನುವ ದೊಡ್ಡ ಉದ್ಯಾನದ ನಡುವೆ ಹೋಗಬೇಕಿತ್ತು. 1971ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಉದ್ಯಾನ ಉಳಿಸಲು ಹೋರಾಡಿದವರ ಪರ ಬಂತು, ರಸ್ತೆ ಅಲ್ಲಿ ಹೋಗಲೇ ಇಲ್ಲ. ಯಾಕೆ? 1966ರ ಕಾನೂನು ಪ್ರಕಾರ ಬೇರೆ ದಾರಿ ಇದ್ದರೆ ಉದ್ಯಾನದ ಒಳಗೆ ಹೆದ್ದಾರಿ ಹಾಕುವಂತಿಲ್ಲ. ಮನುಷ್ಯರು ವಾಸ ಇರುವ ಮನೆಗಳಿಗೆ ಅಂಥ ರಕ್ಷಣೆ ಕೊಡುವ ಕಾನೂನು ಇರಲಿಲ್ಲ. ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಶಾಲ್ಮಲಾ_ತೀರ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ. ಮನೆ ಕಳೆದುಕೊಂಡವರಿಗೆ ಪರಿಹಾರ ಕೊಟ್ಟಿರಬೇಕಲ್ವಾ? ಆ ದುಡ್ಡಿನಲ್ಲಿ ಬೇರೆ ಕಡೆ ಮನೆ ಕೊಳ್ಳಲು ಆಗಲಿಲ್ವಾ?

ಬಾಳೆಹೊನ್ನೂರು_ಬಸ್ಸು:

ಪರಿಹಾರದ ಬಗ್ಗೆ ನಾನು ಹೇಳುತ್ತೇನೆ, ಭೂಸ್ವಾಧೀನದ ಕಾನೂನು ಓದಿದವಳು ನಾನು.

ಮನೆಯ ಯಜಮಾನನಿಗೆ ಮಾರುಕಟ್ಟೆ ಬೆಲೆ ಕೊಟ್ಟರು. ಆ ಬೆಲೆ ಹೇಗೆ ಕುಸಿದಿತ್ತು ಅನ್ನುವುದು ಮೇಲೆ ಬಂದಿದೆ. ಅದರ ಜೊತೆ ಇನ್ನೊಂದು ಸೇರಿಸಿ: ರಸ್ತೆ ಬರುತ್ತದೆ ಅಂತ ಸುದ್ದಿ ಹಬ್ಬಿದ ದಿನದಿಂದ ಯಾರೂ ಅಲ್ಲಿ ಮನೆ ಕೊಳ್ಳುವುದಿಲ್ಲ, ಇದ್ದವರೂ ಸುಣ್ಣಬಣ್ಣ ಮಾಡಿಸುವುದಿಲ್ಲ. ಅಧಿಕಾರಿ ಬಂದು ಬೆಲೆ ಕಟ್ಟುವ ಹೊತ್ತಿಗೆ ಬೀದಿ ಅರ್ಧ ಖಾಲಿ.

ಬಾಡಿಗೆಗೆ ಇದ್ದವರಿಗೆ ಸಿಕ್ಕಿದ್ದು ಬಹಳ ಕಡೆ ಏನೂ ಇಲ್ಲ. ಚಿಕಾಗೊದಂಥ ಊರುಗಳಲ್ಲಿ ಎಷ್ಟೋ ಕಪ್ಪು ಕುಟುಂಬಗಳು ಬ್ಯಾಂಕ್ ಸಾಲ ಸಿಗದೆ ಕಂತಿನ ಕರಾರಿನ ಮೇಲೆ ಮನೆ ಕೊಳ್ಳುತ್ತಿದ್ದವು. ಕೊನೆಯ ಕಂತು ಕಟ್ಟುವವರೆಗೂ ಮನೆಪತ್ರ ಇರುವುದು ಮಾರಿದವನ ಹೆಸರಿನಲ್ಲೇ. ಅಂಥವರು ಹತ್ತು ವರ್ಷ ದುಡ್ಡು ಕಟ್ಟಿದ್ದರೂ ಕಾಗದದ ಪ್ರಕಾರ ಯಜಮಾನರಲ್ಲ. ಅಂಗಡಿಯವರ ಕಥೆ ಬೇರೆ. ಕಟ್ಟಡಕ್ಕೆ ಬೆಲೆ ಸಿಗಬಹುದು, ಗಿರಾಕಿಗಳಿಗೆ ಸಿಗಲ್ಲ. ಮೂವತ್ತು ವರ್ಷದಿಂದ ಬರುತ್ತಿದ್ದ ಗಿರಾಕಿಗಳೆಲ್ಲ ದಿಕ್ಕಾಪಾಲಾದ ಮೇಲೆ ಕ್ಷೌರದ ಅಂಗಡಿಯನ್ನು ಎಲ್ಲಿಗೆ ಎತ್ತಿಕೊಂಡು ಹೋಗುವುದು?

ಮನೆಗಳನ್ನು ಕೊಳ್ಳಲು ಆಗಲಿಲ್ವಾ ಅಂದಿರಿ. ಕೈಯಲ್ಲಿ ದುಡ್ಡಿದ್ದರೂ ಮಾರುವವರು ಬೇಕಲ್ಲ. ಬಿಳಿಯರ ಬಡಾವಣೆಗಳ ಕ್ರಯಪತ್ರದಲ್ಲೇ "ಕಪ್ಪು ಜನರಿಗೆ ಮಾರಕೂಡದು" ಅಂತ ಷರತ್ತು ಬರೆದಿರುತ್ತಿತ್ತು. ಅಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂತ 1948ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು, ಆದರೆ ಮನೆ ಮಾರಾಟದಲ್ಲಿ ಜನಾಂಗ ನೋಡಬಾರದು ಅನ್ನುವ ಕೇಂದ್ರ ಕಾನೂನು ಬಂದದ್ದು 1968ರಲ್ಲಿ. ನಿಮ್ಮ ಐ-94 ಸೇಂಟ್ ಪಾಲ್‌ನಿಂದ ಮಿನಿಯಾಪೊಲಿಸ್‌ಗೆ ಪೂರ್ತಿ ತೆರೆದದ್ದೂ ಅದೇ ವರ್ಷ. ಮನೆ ಕೆಡವಿ ಮುಗಿದ ಮೇಲೆ ಬೇರೆ ಕಡೆ ಕೊಳ್ಳುವ ಹಕ್ಕು ಬಂತು. ಎದ್ದುಹೋಗಬೇಕಾದವರಿಗೆಲ್ಲ, ಬಾಡಿಗೆದಾರರೂ ಸೇರಿ, ಸ್ಥಳಾಂತರದ ಹಣ ಕೊಡಲೇಬೇಕು ಅನ್ನುವ ಕಾಯ್ದೆ 1970ರದ್ದು. ಅದೂ ತಡ. ಹೆದ್ದಾರಿಗಳ ಮೊದಲ ಎರಡು ದಶಕದಲ್ಲಿ 4,75,000ಕ್ಕೂ ಹೆಚ್ಚು ಮನೆತನಗಳು, ಅಂದರೆ ಹತ್ತು ಲಕ್ಷಕ್ಕೂ ಮೀರಿ ಜನ ಎದ್ದುಹೋದರು ಅಂತ ಅಮೆರಿಕದ ಸಾರಿಗೆ ಇಲಾಖೆಯೇ ಹೇಳುತ್ತದೆ. ಅವರಲ್ಲಿ ಎಲ್ಲರೂ ಕಪ್ಪು ಜನರಲ್ಲ, ಬಡ ಬಿಳಿಯರೂ ಇದ್ದರು. ಆದರೆ ಎದ್ದ ಮೇಲೆ ಹೋಗಲು ಬಾಗಿಲು ತೆರೆದಿತ್ತೋ ಮುಚ್ಚಿತ್ತೋ ಅನ್ನುವುದರಲ್ಲಿ ಇಬ್ಬರಿಗೂ ಬಹಳ ವ್ಯತ್ಯಾಸ.

ಮೂರು_ನದಿ_ಊರು:

ಪಿಟ್ಸ್‌ಬರ್ಗ್‌ನಿಂದ ಬರೆಯುತ್ತಿದ್ದೇನೆ. ಬರೀ ಹೆದ್ದಾರಿ ಅಂತ ನೋಡಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ. 1949ರ ವಸತಿ ಕಾಯ್ದೆಯಲ್ಲಿ ಕೊಳೆಗೇರಿ ತೆರವು ಮಾಡುವ ನಗರಗಳಿಗೆ ಕೇಂದ್ರ ಸರ್ಕಾರ ನಿವ್ವಳ ಖರ್ಚಿನ ಮೂರರಲ್ಲಿ ಎರಡು ಭಾಗ ಕೊಡುತ್ತಿತ್ತು. ಯಾವುದು ಕೊಳೆಗೇರಿ ಅಂತ ತೀರ್ಮಾನಿಸುವುದು ನಗರದವರೇ. 1954ರಲ್ಲಿ ವಾಷಿಂಗ್ಟನ್ನಿನ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಪೂರ್ತಿ ಒಪ್ಪಿಗೆ ಕೊಟ್ಟಿತು. ಬಡಾವಣೆ ಒಟ್ಟಾರೆ ಹಾಳಾಗಿದ್ದರೆ ಸಾಕು, ಅದರೊಳಗಿನ ಗಟ್ಟಿಮುಟ್ಟಾದ ಕಟ್ಟಡವನ್ನೂ ತೆಗೆದುಕೊಳ್ಳಬಹುದು ಅಂತಾಯಿತು.

ಇಲ್ಲಿನ ಲೋವರ್ ಹಿಲ್ ಅನ್ನುವ, ಕಪ್ಪು ಜನರೇ ಹೆಚ್ಚಿದ್ದ ಬಡಾವಣೆಯಲ್ಲಿ 95 ಎಕರೆ ನೆಲಸಮ ಮಾಡಿದರು. 8,000ದಷ್ಟು ಜನ, 400ಕ್ಕೂ ಮಿಕ್ಕಿ ಅಂಗಡಿ ವ್ಯವಹಾರಗಳು. ಬಂದದ್ದು ಏನು? 1961ರಲ್ಲಿ ತೆರೆದ ಸಿವಿಕ್ ಅರೀನಾ ಅನ್ನುವ ಒಳಾಂಗಣ ಕ್ರೀಡಾಂಗಣ, ಸುತ್ತ ಎಕರೆಗಟ್ಟಲೆ ಪಾರ್ಕಿಂಗ್. ಆ ಕಟ್ಟಡವನ್ನೂ 2012ರ ಹೊತ್ತಿಗೆ ಕೆಡವಿದರು. ಇಷ್ಟು ಜನರನ್ನು ಎಬ್ಬಿಸಿ ಕಟ್ಟಿದ್ದು ಬಾಳಿದ್ದು ಐವತ್ತು ವರ್ಷ.

ಆದರೆ ಜನ ಸುಮ್ನೆ ಕೂತಿರಲಿಲ್ಲ, ಇದನ್ನು ಹೇಳಲೇಬೇಕು. ತೆರವು ಬೆಟ್ಟದ ಮೇಲಕ್ಕೆ ಬರುವ ಸುಳಿವು ಸಿಕ್ಕಾಗ ಕ್ರಾಫರ್ಡ್ ಸ್ಟ್ರೀಟ್ ಮೂಲೆಯಲ್ಲಿ ಹಿಲ್‌ನವರು ದೊಡ್ಡ ಬೋರ್ಡು ನಿಲ್ಲಿಸಿದರು, ಇಲ್ಲಿಂದ ಮುಂದೆ ನಿಮ್ಮ ಪುನರ್ನಿರ್ಮಾಣ ಬೇಡ ಅಂತ. ಅಲ್ಲಿಗೆ ನಿಂತಿತು. ಆ ಗೆರೆಯ ಒಂದು ಕಡೆ ಇವತ್ತಿಗೂ ಹಳೆಯ ಬೀದಿಗಳಿವೆ. ವಾಷಿಂಗ್ಟನ್ನಿನಲ್ಲೂ "ಕಪ್ಪು ಜನರ ಮನೆಗಳ ಮೇಲೆ ಬಿಳಿಯರ ರಸ್ತೆ ಬೇಡ" ಅಂತ ಕಪ್ಪು ಜನ, ಬಿಳಿಯರು ಇಬ್ಬರೂ ಸೇರಿ ಹೋರಾಡಿ ಹಲವು ಹೆದ್ದಾರಿ ನಿಲ್ಲಿಸಿದರು, ರಸ್ತೆಗೆ ಇಟ್ಟಿದ್ದ ಹಣದಲ್ಲಿ ಒಂದು ಪಾಲು ಮೆಟ್ರೋಗೆ ಹೋಯಿತು.

ಡಾಂಬರು:

ರೋಂಡೊದವರೂ ಸುಮ್ಮನಿರಲಿಲ್ಲ. ಅಲ್ಲಿ ರಸ್ತೆಯನ್ನು ಎತ್ತರದಲ್ಲಿ ಕಟ್ಟುವ ಯೋಚನೆ ಇತ್ತು, ಬಡಾವಣೆಯ ಸಂಘದವರು ಹಟ ಹಿಡಿದು ಅದನ್ನು ನೆಲಮಟ್ಟಕ್ಕಿಂತ ಕೆಳಗೆ ಇಳಿಸಿದರು. ಶಾಲ್ಮಲಾ ಅವರೇ, ನೀವು ತಗ್ಗಿನಲ್ಲಿ ಹೋಗುತ್ತೀರಲ್ಲ, ಅದು ಅವರು ಗೆದ್ದ ಪಾಲು. ಹಾಗಾಗಿಯೇ ಈಗ ಆ ತಗ್ಗಿನ ಮೇಲೆ ನೆಲದಂಥ ಸೇತುವೆ ಹೊದಿಸಿ ಎರಡೂ ಕಡೆ ಜೋಡಿಸಬೇಕು ಅನ್ನುವ ಪ್ರಯತ್ನ ನಡೆದಿದೆ. 2015ರಲ್ಲಿ ಊರಿನ ಮೇಯರ್, ರಾಜ್ಯದ ಸಾರಿಗೆ ಮುಖ್ಯಸ್ಥರು ಇಬ್ಬರೂ ಬಹಿರಂಗವಾಗಿ ಕ್ಷಮೆ ಕೇಳಿದರು.

ಹಣದ ವಿಷಯ ಅಷ್ಟು ಚೆನ್ನಾಗಿಲ್ಲ. 2021ರ ಕಾನೂನಿನಲ್ಲಿ ಇಂಥ ಕೆಲಸಕ್ಕೆ 100 ಕೋಟಿ ಡಾಲರ್ ಇಟ್ಟರು, ಮರುವರ್ಷ ಇನ್ನೂ 300 ಕೋಟಿಯ ಯೋಜನೆ ಬಂತು. 2025ರ ಕಾನೂನು ಈ ಎರಡನೆಯದರಲ್ಲಿ ಕರಾರಾಗದೆ ಉಳಿದ ಹಣವನ್ನು ವಾಪಸ್ ತೆಗೆದುಕೊಂಡಿತು. ಡೆಟ್ರಾಯಿಟ್‌ನಲ್ಲಿ ಬ್ಲ್ಯಾಕ್ ಬಾಟಮ್ ಬಡಾವಣೆಯನ್ನು ನುಂಗಿದ ಐ-375 ರಸ್ತೆಯನ್ನು ತುಂಬಿಸಿ ಸಾಮಾನ್ಯ ಬೀದಿ ಮಾಡುವ ಕೆಲಸ ಖರ್ಚು ಏರಿತೆಂದು 2025ರಲ್ಲಿ ನಿಂತಿತು. ಸಿರಾಕ್ಯೂಸ್‌ನಲ್ಲಿ ಮಾತ್ರ ಐ-81ರ ಫ್ಲೈಓವರ್ ತೆಗೆಯುವ ಯೋಜನೆಯ ಕೆಲಸ 2023ರಲ್ಲಿ ಶುರುವಾಗಿದೆ.

ನೇಸರ_ಮೂಡಣ:

ರಸ್ತೆ ತೆಗೆದರೆ ಸಾಕಾಗಲ್ಲ ಅನ್ನುವುದನ್ನೂ ಸೇರಿಸಿ. ಹೆದ್ದಾರಿ ಹೋದ ಕೂಡಲೇ ಸುತ್ತಲಿನ ಜಾಗದ ಬೆಲೆ ಏರುತ್ತದೆ, ಬಾಡಿಗೆ ಏರುತ್ತದೆ, ಇಷ್ಟು ವರ್ಷ ಹೊಗೆ ಕುಡಿದು ಅಲ್ಲೇ ಉಳಿದವರು ಮತ್ತೆ ಎದ್ದುಹೋಗಬೇಕಾಗುತ್ತದೆ. ಹೊಸದಾಗಿ ಸಿಗುವ ಜಾಗ ಯಾರ ಹೆಸರಿಗೆ ಹೋಗುತ್ತದೆ ಅನ್ನುವುದನ್ನು ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಬೇಕು. ರೋಂಡೊದಲ್ಲಿ ಸಮುದಾಯದ ಭೂ ಟ್ರಸ್ಟ್ ಒಂದಿದೆ: ನೆಲ ಟ್ರಸ್ಟಿನದು, ಮೇಲಿನ ಮನೆ ಮಾತ್ರ ಕೊಂಡವರದು, ಮಾರುವಾಗ ಬೆಲೆಗೆ ಮಿತಿ ಇರುತ್ತದೆ, ಹಾಗಾಗಿ ಮುಂದೆ ಬರುವವರಿಗೂ ಕೈಗೆ ಎಟುಕುತ್ತದೆ. ನೀವು ಅಲ್ಲೇ ಇರುವವರು, ಒಮ್ಮೆ ಹೋಗಿ ಅವರ ಹತ್ತಿರ ಮಾತಾಡಿ. ಜುಲೈನಲ್ಲಿ ರೋಂಡೊ ಡೇಸ್ ಹಬ್ಬ ನಡೆಯುತ್ತದೆ, 1983ರಿಂದ ಇರುವ ಹಬ್ಬ ಅದು. ಆ ಬೀದಿಗಳಲ್ಲಿ ಬೆಳೆದ ಹಿರಿಯರು ಈಗಲೂ ಅಲ್ಲಿಗೆ ಬರುತ್ತಾರೆ. ನಿಮ್ಮ ಆಫೀಸಿನವರನ್ನೂ ಕರೆದುಕೊಂಡು ಹೋಗಿ.