ತಲೆನೋವಿನ ಜೊತೆ ವಾಂತಿ: ನಿಮಗೆ ಕೊನೆಗೆ ಏನು ಅಂತ ಗೊತ್ತಾಯಿತು?

ನನಗೆ 34 ವರ್ಷ. ಏಳೆಂಟು ತಿಂಗಳಿಂದ ತಿಂಗಳಿಗೆ ಮೂರು ನಾಲ್ಕು ಸಲ ತಲೆನೋವು ಬರುತ್ತಿದೆ. ಬೆಳಿಗ್ಗೆ ಏಳುವಾಗ ಸರಿಯಾಗೇ ಇರುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಎಡಗಣ್ಣಿನ ಹಿಂದೆ ಹಿಡಿದುಕೊಳ್ಳುತ್ತದೆ. ಸಂಜೆಗೆ ಹೊಟ್ಟೆ ತೊಳಸಿ, ಹಳದಿ ನೀರು ಕಕ್ಕುವವರೆಗೂ ಬಿಡುವುದಿಲ್ಲ. ಆಮೇಲೆ ಒಂದು ನಿದ್ದೆ ಬಂದರೆ ಹಗುರ. ಮನೆಯಲ್ಲಿ ಎಲ್ಲರೂ ಪಿತ್ತ ಅನ್ನುತ್ತಾರೆ. ಪರಿಚಯದವರೊಬ್ಬರು ಮಿದುಳಲ್ಲಿ ಗೆಡ್ಡೆ ಇದ್ದರೂ ಹೀಗೇ ಆಗುತ್ತದೆ ಅಂದರು. ಅವತ್ತಿನಿಂದ ಕಣ್ಣಿಗೆ ನಿದ್ದೆ ಹತ್ತುತ್ತಿಲ್ಲ. ತಲೆನೋವು, ವಾಂತಿ ಎರಡೂ ಒಟ್ಟಿಗೆ ಬಂದವರು ಯಾರಾದರೂ ಇದ್ದರೆ ನಿಮ್ಮ ಅನುಭವ ಹೇಳಿ. ಯಾವಾಗ ಕಾಯಬಹುದು, ಯಾವಾಗ ಓಡಬೇಕು?

*

ನೀವು ಬರೆದದ್ದು ಓದುತ್ತಾ ನನ್ನ ಹಳೇ ದಿನಗಳೇ ನೆನಪಾದವು. ನನಗಿರುವುದು ಮೈಗ್ರೇನ್, ಅರೆತಲೆನೋವು ಅನ್ನುತ್ತೇವಲ್ಲ, ಅದು. 19ನೇ ವಯಸ್ಸಿಗೆ ಶುರುವಾಯಿತು, ಈಗ ನನಗೆ 43.

ಹನ್ನೊಂದು ವರ್ಷ ನಾನೂ ಪಿತ್ತ ಅಂತಲೇ ನಂಬಿದ್ದೆ. ನಂಬೋಕೆ ಕಾರಣವೂ ಇತ್ತು. ಕಹಿ ನೀರು ಹೊರಗೆ ಬಂದ ಮೇಲೆ ತಲೆ ಹಗುರಾಗುತ್ತಿತ್ತು. ಒಳಗಿದ್ದ ಪಿತ್ತವೇ ತಲೆಗೆ ಏರಿತ್ತು ಅಂತ ಯಾರಿಗಾದರೂ ಅನ್ನಿಸುತ್ತದೆ ಅಲ್ವಾ? ಕೊನೆಗೆ ನರರೋಗದ ಡಾಕ್ಟರೊಬ್ಬರು ಅದನ್ನು ತಿರುಗಿಸಿ ಹೇಳಿದರು. ಹೊಟ್ಟೆ ಕೆಟ್ಟು ತಲೆ ನೋಯುತ್ತಿಲ್ಲ, ತಲೆನೋವೇ ಹೊಟ್ಟೆಯನ್ನು ಕೆಡಿಸುತ್ತಿದೆ ಅಂತ. ಮೈಗ್ರೇನ್ ಬಂದಾಗ ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ತಿಂದದ್ದು ಕೆಳಗೆ ಇಳಿಯುವುದಿಲ್ಲ. ಎಲ್ಲ ಕಕ್ಕಿ ಖಾಲಿಯಾದ ಮೇಲೂ ವಾಂತಿ ನಿಲ್ಲದಿದ್ದರೆ ಪಿತ್ತರಸವೇ ಬರಬೇಕು, ಇನ್ನೇನು ಉಳಿದಿರುತ್ತದೆ?

ಇದು ಗೊತ್ತಾದ ಮೇಲೆ ನನ್ನ ದೊಡ್ಡ ತಪ್ಪೂ ಗೊತ್ತಾಯಿತು. ನಾನು ಮಾತ್ರೆಯನ್ನು ತಡೆದು ತಡೆದು, ಇನ್ನು ಆಗುವುದೇ ಇಲ್ಲ ಅನ್ನಿಸಿದಾಗ ನುಂಗುತ್ತಿದ್ದೆ. ಒಂದು ಸಂಜೆ ನುಂಗಿ ಮುಕ್ಕಾಲು ಗಂಟೆ ಆದ ಮೇಲೆ ವಾಂತಿಯಾಯಿತು. ಬೇಸಿನ್ ನೋಡಿದರೆ ಆ ಬಿಳಿ ಮಾತ್ರೆ ಅಂಚು ಮಾತ್ರ ಕರಗಿ ಹಾಗೇ ಬಿದ್ದಿತ್ತು. ನಿಂತ ಹೊಟ್ಟೆಯಲ್ಲಿ ಮಾತ್ರೆ ಸುಮ್ನೆ ಕೂತಿರುತ್ತದೆ, ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಈಗ ನೋವು ಶುರುವಾದ ಅರ್ಧ ಗಂಟೆಯೊಳಗೆ, ಹೊಟ್ಟೆ ತೊಳಸುವ ಮುಂಚೆಯೇ ತಗೊಳ್ಳುತ್ತೇನೆ. ಜೊತೆಗೆ ಡಾಕ್ಟರ್ ಬರೆದುಕೊಟ್ಟ ವಾಂತಿ ನಿಲ್ಲಿಸುವ ಮಾತ್ರೆ. ಅದು ವಾಕರಿಕೆಯನ್ನೂ ನಿಲ್ಲಿಸುತ್ತದೆ, ಹೊಟ್ಟೆಯಲ್ಲಿ ಇದ್ದದ್ದನ್ನೂ ಮುಂದಕ್ಕೆ ತಳ್ಳುತ್ತದೆ. ಮೈಗ್ರೇನಿಗೆಂದೇ ಟ್ರಿಪ್ಟಾನ್ ಅನ್ನುವ ಮದ್ದುಗಳಿವೆ. ನುಂಗಲು ಆಗದವರಿಗೆ ಅದರಲ್ಲೇ ಮೂಗಿಗೆ ಹೊಡೆಯುವ ಸ್ಪ್ರೇ, ಇಂಜೆಕ್ಷನ್ ಎರಡೂ ಇವೆ. ಹೃದಯದ ತೊಂದರೆ ಇದ್ದವರಿಗೆ ಆಗುವುದಿಲ್ಲ, ಅದಕ್ಕೇ ಕೇಳದೆ ತಗೊಳ್ಳಬಾರದು.

ನಿಮ್ಮದೂ ಮೈಗ್ರೇನ್ ಅಂತ ನಾನು ಹೇಳಲಾರೆ, ಆದರೆ ಹೋಲುತ್ತದೆ. ಒಂದೇ ಪಕ್ಕ ನಾಡಿ ಬಡಿದ ಹಾಗೆ ಹೊಡೆದುಕೊಳ್ಳುತ್ತದೆಯಾ? ಮೆಟ್ಟಿಲು ಹತ್ತಿದರೆ ಜಾಸ್ತಿಯಾಗುತ್ತದೆಯಾ? ಬೆಳಕು, ಸದ್ದು ಬೇಡವಾಗಿ ಕತ್ತಲೆ ಕೋಣೆ ಹುಡುಕುತ್ತೀರಾ? ಮದ್ದಿಲ್ಲದೆ ಬಿಟ್ಟರೆ ಮೈಗ್ರೇನ್ 4 ಗಂಟೆಯಿಂದ 72 ಗಂಟೆಯವರೆಗೂ ಇರಬಹುದು. ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಮಿಂಚುವ ಅಂಕುಡೊಂಕು ಗೆರೆ ಕಾಣುತ್ತದೆ. ಐದು ನಿಮಿಷದಿಂದ ಒಂದು ಗಂಟೆಯೊಳಗೆ ಮಾಯವಾಗುತ್ತದೆ. ಅದಕ್ಕೆ ಔರಾ ಅನ್ನುತ್ತಾರೆ. ನಿಮಗೆ ಹಾಗೆ ಕಂಡಿದ್ದರೆ ಡಾಕ್ಟರಿಗೆ ಮರೆಯದೆ ಹೇಳಿ.

ಒಂದು ಹಾಳೆ ಇಟ್ಟುಕೊಳ್ಳಿ. ಯಾವ ದಿನ, ಎಷ್ಟು ಹೊತ್ತಿಗೆ ಬಂತು, ಮುಟ್ಟಿನ ಎಷ್ಟನೇ ದಿನ, ಎಷ್ಟು ಮಾತ್ರೆ ನುಂಗಿದಿರಿ, ಎಲ್ಲ ಬರೆಯಿರಿ. ನನಗೆ ಸ್ಕ್ಯಾನ್ ಕೂಡ ಮಾಡಿಸಲಿಲ್ಲ. ಡಾಕ್ಟರ್ ಪರೀಕ್ಷೆ ಮಾಡಿ, ಆ ಹಾಳೆ ನೋಡಿಯೇ ಹೇಳಿದರು.

*

ಗೆಡ್ಡೆಯ ಭಯ ಅಂದಿದ್ದೀರಿ. ನನ್ನ ಮಗಳಿಗೆ ಏಳು ವರ್ಷ ಇದ್ದಾಗ ಅದೇ ಆಗಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಅವಳ ನೋವು ನಿಮ್ಮದರ ಹಾಗೆ ಬಂದು ಹೋಗುತ್ತಿರಲಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಇರುತ್ತಿತ್ತು. ಹಾಸಿಗೆ ಪಕ್ಕದಲ್ಲೇ ವಾಂತಿ. ವಾಕರಿಕೆ ಇಲ್ಲ, ಹೊಟ್ಟೆನೋವಿಲ್ಲ, ಒಮ್ಮೆಲೇ ಬುಳಕ್ ಅಂತ. ಹತ್ತು ನಿಮಿಷಕ್ಕೆ ಹಸಿವು ಅನ್ನುತ್ತಿದ್ದಳು. ಶಾಲೆ ತಪ್ಪಿಸಲು ನೆಪ ಅಂದುಕೊಂಡೆವು. ಆ ಮಾತು ನೆನೆದರೆ ಈಗಲೂ ಸಂಕಟವಾಗುತ್ತದೆ. ವಾರದಿಂದ ವಾರಕ್ಕೆ ಜಾಸ್ತಿಯಾಯಿತು. ಕತ್ತು ಓರೆ ಮಾಡಿ ನೋಡತೊಡಗಿದಳು. ನಡೆಯುವಾಗ ಬಾಗಿಲ ಚೌಕಟ್ಟಿಗೆ ಭುಜ ತಾಗಿಸುತ್ತಿದ್ದಳು. ಕನ್ನಡಕ ಬೇಕೇನೋ ಅಂತ ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರೆ, ಅವರು ಕಣ್ಣಿನ ಹಿಂಭಾಗ ನೋಡಿ, ನರ ಊದಿದೆ, ತಲೆಯೊಳಗೆ ಒತ್ತಡ ಜಾಸ್ತಿ ಇದೆ, ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ ಅಂದರು. ತಲೆಯ ಹಿಂಭಾಗದಲ್ಲಿರುವ ಕಿರುಮಿದುಳಿನಲ್ಲಿ ಗೆಡ್ಡೆ ಇತ್ತು. ಆಪರೇಷನ್ ಆಗಿ ಒಂಬತ್ತು ವರ್ಷವಾಯಿತು, ಚೆನ್ನಾಗಿದ್ದಾಳೆ.

ಮಲಗಿದಾಗ, ಕೆಮ್ಮಿದಾಗ, ಬಗ್ಗಿದಾಗ ಜಾಸ್ತಿಯಾಗುವ ನೋವು, ದಿನದಿಂದ ದಿನಕ್ಕೆ ಏರುತ್ತಲೇ ಹೋಗುವ ನೋವು, ಎರಡೆರಡಾಗಿ ಕಾಣುವುದು, ನಡಿಗೆ ತಪ್ಪುವುದು, ಮೊದಲ ಸಲ ಫಿಟ್ಸ್ ಬರುವುದು. ಇವುಗಳಲ್ಲಿ ಒಂದಿದ್ದರೂ ತಡ ಮಾಡಬೇಡಿ. ನಡುವಿನ ದಿನಗಳಲ್ಲಿ ನೀವು ಪೂರ್ತಿ ಸರಿ ಇರುತ್ತೀರಿ ಅಂದರೆ ಅದು ಒಳ್ಳೆಯ ಸೂಚನೆ.

*

ಇಲ್ಲಿ ಯಾರೂ ಕಣ್ಣಿನ ಕಾಯಿಲೆ ಹೇಳಿಲ್ಲ. ನಮ್ಮಮ್ಮನಿಗೆ 62. ಒಂದು ರಾತ್ರಿ ಹಣೆಯ ಬಲಗಡೆ ಸಿಡಿಯುತ್ತಿದೆ ಅಂತ ಮಲಗಿದರು. ಬೆಳಗಾಗುವುದರೊಳಗೆ ನಾಲ್ಕು ಸಲ ವಾಂತಿ. ನಾವು ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟೆವು. ಬೆಳಿಗ್ಗೆ ಹೋದ ಕ್ಲಿನಿಕ್ಕಿನಲ್ಲೂ ಹೊಟ್ಟೆಗೇ ಇಂಜೆಕ್ಷನ್ ಕೊಟ್ಟು ಕಳಿಸಿದರು. ಯಾರೂ ಕಣ್ಣು ನೋಡಲಿಲ್ಲ. ಸಂಜೆ ದೀಪ ಹಾಕಿದಾಗ ಅಮ್ಮ ಅಂದರು, ‘ಬಲ್ಬಿನ ಸುತ್ತ ಬಣ್ಣದ ಬಳೆ ಕಾಣುತ್ತಿದೆಯಲ್ಲೇ.’ ಆಗ ಮುಖ ತಿರುಗಿಸಿ ನೋಡಿದೆ. ಬಲಗಣ್ಣು ಕೆಂಪು. ಕರಿಗುಡ್ಡೆ ಮಂಜು ಮುಸುಕಿದ ಗಾಜಿನ ಹಾಗಿತ್ತು. ಟಾರ್ಚ್ ಬಿಟ್ಟರೂ ಪಾಪೆ ಕಿರಿದಾಗಲಿಲ್ಲ. ಎಡಗಣ್ಣು ಮುಚ್ಚಿಸಿ ಕೇಳಿದರೆ ನನ್ನ ಬೆರಳು ಎಷ್ಟು ಅಂತ ಹೇಳಲು ಆಗಲಿಲ್ಲ.

ಅದು ಗ್ಲಾಕೋಮಾದ ಒಂದು ಬಗೆ. ಕಣ್ಣೊಳಗಿನ ನೀರು ಹರಿದುಹೋಗುವ ದಾರಿ ಒಮ್ಮೆಲೇ ಮುಚ್ಚಿಹೋಗುತ್ತದೆ. ಸಾಮಾನ್ಯವಾಗಿ ಕಣ್ಣಿನ ಒತ್ತಡ 10ರಿಂದ 21ರ ಒಳಗಿರಬೇಕು. ಅಮ್ಮನದು 54 ಇತ್ತು. ಡ್ರಾಪ್ಸ್, ಮಾತ್ರೆ ಕೊಟ್ಟು ಒತ್ತಡ ಇಳಿಸಿ, ಆಮೇಲೆ ಲೇಸರಿನಲ್ಲಿ ಸಣ್ಣ ತೂತು ಮಾಡಿದರು. ಇನ್ನೊಂದು ಕಣ್ಣಿಗೂ ಹೀಗೇ ಆಗಬಹುದು ಅಂತ ಅದಕ್ಕೂ ಮುಂಚಿತವಾಗೇ ಮಾಡಿದರು. ದೃಷ್ಟಿ ಉಳಿಯಿತು, ಪೂರ್ತಿ ಅಲ್ಲ. ಬಲಗಡೆಯಿಂದ ಯಾರಾದರೂ ಬಂದರೆ ಈಗಲೂ ಬೆಚ್ಚಿಬೀಳುತ್ತಾರೆ. ಕೆಲವೇ ಗಂಟೆಗಳಲ್ಲಿ ನರಕ್ಕೆ ಪೆಟ್ಟು ಬೀಳುತ್ತದಂತೆ. ವಯಸ್ಸಾದವರಿಗೆ ತಲೆನೋವು, ವಾಂತಿ ಅಂದರೆ ದಯವಿಟ್ಟು ಒಂದೊಂದೇ ಕಣ್ಣು ಮುಚ್ಚಿಸಿ ಕೇಳಿ, ಕಾಣುತ್ತಿದೆಯಾ ಅಂತ. ಅರ್ಧ ನಿಮಿಷದ ಕೆಲಸ.

*

ನನ್ನ ತಮ್ಮ ಬಟ್ಟೆ ಒಣಹಾಕುತ್ತಿದ್ದ. ಇದ್ದಕ್ಕಿದ್ದ ಹಾಗೆ ಹಿಂದೆ ತಿರುಗಿ ನೋಡಿದ, ಯಾರೋ ತಲೆಗೆ ದೊಣ್ಣೆಯಿಂದ ಹೊಡೆದರು ಅಂತ. ಯಾರೂ ಇರಲಿಲ್ಲ. ಅಲ್ಲೇ ಕೂತು ವಾಂತಿ ಮಾಡಿದ. ಸೊನ್ನೆಯಿಂದ ತಾಳಲಾರದಷ್ಟು ನೋವಿಗೆ ಒಂದು ನಿಮಿಷ ಕೂಡ ಹಿಡಿದಿರಲಿಲ್ಲ. ಮಿದುಳಿನ ರಕ್ತನಾಳ ಒಂದು ಕಡೆ ಬುಗ್ಗೆಯ ಹಾಗೆ ಊದಿ ಒಡೆದಿತ್ತು. ಎರಡು ಗಂಟೆಯೊಳಗೆ ಸಿಟಿ ಸ್ಕ್ಯಾನ್ ಆಯಿತು, ಬದುಕಿದ. ಮೊದಲ 6 ಗಂಟೆಯೊಳಗೆ ಮಾಡಿದ ಸ್ಕ್ಯಾನಿನಲ್ಲಿ ಈ ರಕ್ತಸ್ರಾವ ಹೆಚ್ಚು ಕಡಿಮೆ ತಪ್ಪದೆ ಕಾಣುತ್ತದಂತೆ. ತಡವಾದರೆ ಬೆನ್ನುಹುರಿಯ ನೀರು ತೆಗೆದು ನೋಡಬೇಕಾಗಬಹುದು. ಇಂಥ ನೋವಿಗೆ ಮಾತ್ರೆ ನುಂಗಿ ಮಲಗಬೇಡಿ.

*

ಹೆರಿಗೆಯಾದವರು ಇದನ್ನು ನೆನಪಿಟ್ಟುಕೊಳ್ಳಿ. ಮಗು ಹುಟ್ಟಿ ಆರನೇ ದಿನ ನನಗೆ ತಲೆನೋವು, ವಾಂತಿ, ಕಣ್ಣೆದುರು ಚುಕ್ಕಿ. ನಿದ್ದೆ ಕೆಟ್ಟಿದ್ದಕ್ಕೆ ಅಂದುಕೊಂಡೆ. ಬಿಪಿ ನೋಡಿದರೆ 170/112. ಬಸುರಿಯಲ್ಲಿ ಬಿಪಿ ಒಮ್ಮೆಯೂ ಏರಿರಲಿಲ್ಲ. 20 ವಾರ ದಾಟಿದ ಮೇಲೆ ಯಾವಾಗ ಬೇಕಾದರೂ ಹೀಗಾಗಬಹುದು, ಹೆರಿಗೆಯಾಗಿ ಆರು ವಾರದವರೆಗೂ. ಬಿಟ್ಟರೆ ಫಿಟ್ಸ್ ಬರಬಹುದು. ನನಗೆ ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಹಾಕಿದರು. ಬಸುರಿ, ಬಾಣಂತಿ ತಲೆನೋವು ಅಂದರೆ ಮೊದಲು ಬಿಪಿ ನೋಡಿಸಿ.

*

ನಮ್ಮ ಮನೆಯಲ್ಲಿ ಮೂವರಿಗೂ ಒಂದೇ ದಿನ ತಲೆನೋವು, ವಾಂತಿ. ತಿಂದದ್ದು ಕೆಟ್ಟಿತ್ತು ಅಂದುಕೊಂಡೆವು. ಹೊರಗೆ ಹೋದಾಗ ಸರಿಹೋಗುವುದು, ಒಳಗೆ ಬಂದರೆ ಮತ್ತೆ ಶುರು. ಸ್ನಾನದ ಮನೆಯ ಗ್ಯಾಸ್ ಹೀಟರ್ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತಿತ್ತು. ಬಣ್ಣ ಇಲ್ಲ, ವಾಸನೆ ಇಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸುತ್ತಿತ್ತು, ಆ ಯಂತ್ರಕ್ಕೆ ಈ ವಿಷ ಗೊತ್ತಾಗುವುದಿಲ್ಲ. ಹೀಗೆ ಅನುಮಾನ ಬಂದರೆ ಮೊದಲು ಎಲ್ಲರೂ ಹೊರಗೆ ಬನ್ನಿ. ಒಬ್ಬರಿಗಿಂತ ಜಾಸ್ತಿ ಜನರಿಗೆ ಒಟ್ಟಿಗೆ ತಲೆನೋವು ಬಂದರೆ ಮನೆಯನ್ನೇ ಅನುಮಾನಿಸಿ.

*

ನಾನು ತುರ್ತು ವಿಭಾಗದಲ್ಲಿ ನರ್ಸ್. ಬಂದವರೆಲ್ಲ ಎಷ್ಟು ನೋವು ಅಂತಲೇ ಹೇಳುತ್ತಾರೆ. ನಾವು ಕೇಳುವುದು ಬೇರೆ. ಹೇಗೆ ಬಂತು? ಜೊತೆಗೆ ಏನು ಬಂತು? ಯಾವಾಗಲೂ ಬರುವ ಹಾಗೇ ಇದೆಯಾ, ಈ ಸಲ ಬೇರೆಯಾ? ಇಪ್ಪತ್ತು ವರ್ಷದ ಮೈಗ್ರೇನ್ ಇದ್ದವರೂ ‘ಇದು ನನ್ನ ತಲೆನೋವು ಅಲ್ಲ’ ಅಂದರೆ ನಾನು ತಕ್ಷಣ ಡಾಕ್ಟರನ್ನು ಕರೆಯುತ್ತೇನೆ.

ಮೇಲೆ ಯಾರೂ ಹೇಳದ ಕೆಲವು ಇವೆ. ಜ್ವರ, ತಲೆನೋವು, ವಾಂತಿ ಮೂರೂ ಇದ್ದು ಗಲ್ಲವನ್ನು ಎದೆಗೆ ತಾಗಿಸಲು ಆಗದಿದ್ದರೆ, ಮಂಕಾಗಿದ್ದರೆ, ಅದು ಮಿದುಳಿನ ಪೊರೆಯ ಸೋಂಕು ಇರಬಹುದು. ಮೈಮೇಲಿನ ಕೆಂಪು ಚುಕ್ಕೆಗಳ ಮೇಲೆ ಗಾಜಿನ ಲೋಟ ಒತ್ತಿದರೂ ಮಾಸದಿದ್ದರೆ ಒಂದು ನಿಮಿಷವೂ ಕಾಯಬೇಡಿ. ಎಳೆಮಕ್ಕಳಲ್ಲಿ ಕತ್ತು ಬಿಗಿಯದೆಯೂ ಇರಬಹುದು. ನೆತ್ತಿ ಉಬ್ಬಿದೆಯಾ, ಹಾಲು ಬಿಟ್ಟಿದೆಯಾ ನೋಡಿ. ತಲೆಗೆ ಪೆಟ್ಟು ಬಿದ್ದು ಒಂದಕ್ಕಿಂತ ಜಾಸ್ತಿ ಸಲ ವಾಂತಿಯಾದರೆ ಬನ್ನಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವ ಹಿರಿಯರಿಗೆ ಸಣ್ಣ ಪೆಟ್ಟು ಬಿದ್ದು ವಾರಗಳ ಮೇಲೂ ತಲೆನೋವು ಶುರುವಾಗಬಹುದು, ಒಳಗೆ ರಕ್ತ ನಿಧಾನವಾಗಿ ಸೇರಿರುತ್ತದೆ. ಮಾತು ತೊದಲುವುದು, ಒಂದು ಕೈ ಸೋಲುವುದು, ನಿಂತರೆ ವಾಲುವುದು ಪಾರ್ಶ್ವವಾಯು ಇರಬಹುದು. ಡೆಂಗ್ಯೂವಿನಲ್ಲೂ ಕಣ್ಣಿನ ಹಿಂದೆ ನೋವು, ವಾಂತಿ ಇರುತ್ತದೆ. ಜ್ವರ ಇಳಿಯುವ ಹೊತ್ತಿನಲ್ಲಿ ವಾಂತಿ ಮತ್ತೆ ಮತ್ತೆ ಆದರೆ, ಹೊಟ್ಟೆನೋವು ಬಂದರೆ ಅದೇ ಅಪಾಯದ ಹೊತ್ತು. ಡೆಂಗ್ಯೂ ಅನುಮಾನ ಇದ್ದರೆ ಮೊದಲಿನಿಂದಲೇ ಐಬುಪ್ರೊಫೆನ್, ಆಸ್ಪಿರಿನ್ ಬೇಡವೇ ಬೇಡ. 16 ವರ್ಷದ ಒಳಗಿನ ಮಕ್ಕಳಿಗಂತೂ ಡಾಕ್ಟರ್ ಹೇಳದೆ ಆಸ್ಪಿರಿನ್ ಕೊಡಲೇಬಾರದು.

*

ಪ್ರಶ್ನೆ ಕೇಳಿದವಳು ನಾನೇ. ಎಲ್ಲ ಎರಡು ಸಲ ಓದಿದೆ. ಮೊದಲು ನೋವಿನ ಮಾತ್ರೆ ಎಣಿಸಿದೆ. ಈ ತಿಂಗಳು ಹನ್ನೆರಡು ದಿನ ನುಂಗಿದ್ದೇನೆ. ಬಂದುಬಿಡಬಹುದು ಅನ್ನುವ ಹೆದರಿಕೆಗೆ ಸುಮ್ನೆ ನುಂಗಿದ್ದೂ ಇದೆ. ಎರಡು ಮೂರು ಮದ್ದು ಸೇರಿಸಿದ ಮಾತ್ರೆ ಅದು. ಇನ್ನೊಂದು. ಆ ಮಿಂಚುವ ಗೆರೆ ನನಗೆ ಎರಡು ಸಲ ಕಂಡಿದೆ. ಮೊಬೈಲ್ ಜಾಸ್ತಿ ನೋಡಿದ್ದಕ್ಕೆ ಅಂತ ಯಾರಿಗೂ ಹೇಳಿರಲಿಲ್ಲ. ಗುರುವಾರಕ್ಕೆ ಡಾಕ್ಟರ್ ಸಮಯ ಕೊಟ್ಟಿದ್ದಾರೆ. ಒಂಬತ್ತು ತಿಂಗಳಿಂದ ಗರ್ಭ ನಿಲ್ಲದ ಹಾಗೆ ಮಾತ್ರೆ ತಗೊಳ್ಳುತ್ತಿದ್ದೇನೆ, ಅದನ್ನೂ ಹೇಳಬೇಕಾ?

*

ನರ್ಸ್ ಮತ್ತೆ ಬರೆಯುತ್ತಿದ್ದೇನೆ. ಹೇಳಲೇಬೇಕು, ಗುರುವಾರದವರೆಗೆ ಕಾಯದೆ ಇವತ್ತೇ ಫೋನ್ ಮಾಡಿ ಹೇಳಿ. ಔರಾ ಇರುವ ಮೈಗ್ರೇನಿನವರು ಈಸ್ಟ್ರೊಜೆನ್ ಅನ್ನುವ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆ ತಗೊಂಡರೆ ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಅಂಥವರಿಗೆ ಅದನ್ನು ಕೊಡುವುದಿಲ್ಲ. ಈಸ್ಟ್ರೊಜೆನ್ ಇಲ್ಲದ ಬೇರೆ ದಾರಿಗಳಿವೆ, ಹೆದರಬೇಡಿ. ಸಿಗರೇಟ್ ಅಭ್ಯಾಸ, ಬಿಪಿ ಇದ್ದರೆ ಅದನ್ನೂ ಹೇಳಿ. ನಡುವೆ ಕೈಕಾಲು ಸೋತರೆ, ಮಾತು ತಪ್ಪಿದರೆ, ನೋವು ಇಳಿಯದೆ ಏರುತ್ತಲೇ ಹೋದರೆ ನೇರವಾಗಿ ಆಸ್ಪತ್ರೆಗೆ.

*

ಮೊದಲು ಬರೆದ ಮೈಗ್ರೇನಿನವಳು ನಾನು. ನೋವಿನ ಮಾತ್ರೆಯ ಲೆಕ್ಕವನ್ನೂ ತೋರಿಸಿ. ಹಲವು ಮದ್ದು ಸೇರಿದ ಮಾತ್ರೆ ತಿಂಗಳಿಗೆ 10 ದಿನ, ಪ್ಯಾರಾಸಿಟಮಾಲ್ ಥರದ ಸಾದಾ ಮಾತ್ರೆ 15 ದಿನ ಅಥವಾ ಅದಕ್ಕೂ ಜಾಸ್ತಿ ನುಂಗಿ, ಮೂರು ತಿಂಗಳಿಗಿಂತ ಜಾಸ್ತಿ ಹಾಗೇ ನಡೆದರೆ ಮಾತ್ರೆಯಿಂದಲೇ ತಲೆನೋವು ಬರತೊಡಗಬಹುದು. ನಾನು ಅದರಲ್ಲಿ ಸಿಕ್ಕಿಕೊಂಡು ಬಿಡಿಸಿಕೊಳ್ಳಲು ಎರಡು ತಿಂಗಳು ಹಿಡಿಯಿತು. ನೋವು ಬರದ ಹಾಗೆ ತಡೆಯಲು ದಿನಾ ತಗೊಳ್ಳುವ ಬೇರೆ ಮದ್ದುಗಳಿವೆ, ಅದರ ಬಗ್ಗೆ ಕೇಳಿ.

*

ಫೋನ್ ಮಾಡಿದೆ. ಗೆರೆಯ ವಿಷಯ ಹೇಳಿದ ಕೂಡಲೇ ನಾಳೆ ಬೆಳಿಗ್ಗೆಯೇ ಬನ್ನಿ ಅಂದರು. ಗರ್ಭ ನಿಲ್ಲದ ಹಾಗೆ ತಗೊಳ್ಳುವ ಇವತ್ತಿನ ಮಾತ್ರೆ ತಗೊಳ್ಳಬೇಡಿ ಅಂತಲೂ ಹೇಳಿದರು. ಆ ಮಾತ್ರೆಯ ಪ್ಯಾಕೆಟ್, ದಿನಗಳನ್ನು ಬರೆದ ಹಾಳೆ ಎರಡನ್ನೂ ಚೀಲಕ್ಕೆ ಹಾಕಿಟ್ಟಿದ್ದೇನೆ. ಹೋಗಿ ಬಂದ ಮೇಲೆ ಬರೆಯುತ್ತೇನೆ.