ಬಿಡಿಯಾಗಿ ಮಿತಿಯೊಳಗಿರುವ ಹಾರ್ಮೋನು ಮಾಲಿನ್ಯಕಾರಕಗಳು ಒಟ್ಟುಗೂಡಿದಾಗ ಮೀನಿಗೆ ಏನಾಗುತ್ತದೆ?

ಪ್ರಶ್ನೆ

ನದಿನೀರಿನ ಪರೀಕ್ಷಾ ವರದಿಗಳಲ್ಲಿ ಬಿಸ್ಫಿನಾಲ್ ಎ, ನೊನೈಲ್‌ಫಿನಾಲ್ ಮೊದಲಾದ, ಹಾರ್ಮೋನಿನಂತೆ ವರ್ತಿಸುವ ರಾಸಾಯನಿಕಗಳ ಪ್ರಮಾಣವನ್ನು ಬೇರೆಬೇರೆಯಾಗಿ ಕೊಟ್ಟು, ಪ್ರತಿಯೊಂದೂ ಮಿತಿಯೊಳಗಿದೆ ಎಂದು ಬರೆದಿರುವುದನ್ನು ಓದಿದ್ದೇನೆ. ಆದರೆ ಮೀನು ಬದುಕುವುದು ಇವೆಲ್ಲ ಬೆರೆತ ನೀರಿನಲ್ಲಿ. ಒಂದೊಂದೂ ಮಿತಿಯೊಳಗಿದ್ದ ಮಾತ್ರಕ್ಕೆ ಆ ನೀರು ಮೀನಿಗೆ ಸುರಕ್ಷಿತ ಎನ್ನಬಹುದೇ? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1

ಹಾಗೆನ್ನಲು ಬರುವುದಿಲ್ಲ. ಮಿಶ್ರಣದ ವಿಚಾರಕ್ಕೆ ಬರುವ ಮೊದಲು ಒಂದೇ ವಸ್ತು ಏನು ಮಾಡಬಲ್ಲದು ಎಂಬುದನ್ನು ನೋಡುವುದು ಒಳ್ಳೆಯದು.

ಹೆಣ್ಣು ಮೀನಿನ ಅಂಡಾಶಯ ಸ್ರವಿಸುವ ಈಸ್ಟ್ರಡಯೋಲ್ (ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನುಗಳಲ್ಲೊಂದು) ಯಕೃತ್ತನ್ನು ತಲುಪಿದಾಗ ಅಲ್ಲಿ ವಿಟೆಲ್ಲೋಜೆನಿನ್ ಎಂಬ ಪ್ರೋಟೀನ್ ತಯಾರಾಗುತ್ತದೆ. ಅದು ರಕ್ತದ ಮೂಲಕ ಅಂಡಾಶಯಕ್ಕೆ ಬಂದು ಮೊಟ್ಟೆಯ ಹಳದಿ ಭಾಗವಾಗುತ್ತದೆ. ಇದರ ಜೀನ್ ಗಂಡಿನಲ್ಲೂ ಇರುತ್ತದೆ, ಆದರೆ ಈಸ್ಟ್ರೋಜನ್ ಸಾಲದೆ ಸುಮ್ಮನಿರುತ್ತದೆ. ಹೊರಗಿನಿಂದ ಈಸ್ಟ್ರೋಜನ್ ಬಂತೆಂದರೆ ಗಂಡಿನ ಯಕೃತ್ತೂ ಮೊಟ್ಟೆಯ ಪ್ರೋಟೀನನ್ನು ತಯಾರಿಸತೊಡಗುತ್ತದೆ. 1990ರ ದಶಕದಲ್ಲಿ ಬ್ರಿಟನ್ನಿನ ನದಿಗಳಲ್ಲಿ, ಒಳಚರಂಡಿ ನೀರಿನ ಸಂಸ್ಕರಣಾ ಘಟಕಗಳ ಕೆಳಭಾಗದಲ್ಲಿ ಹಿಡಿದ ರೋಚ್ ಮೀನುಗಳ ವೃಷಣವನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟಾಗ, ವೀರ್ಯಾಣುಗಳಿರಬೇಕಾದ ಅಂಗಾಂಶದ ನಡುವೆ ದುಂಡನೆಯ ಅಂಡಕೋಶಗಳು ಕಂಡಿದ್ದವು.

ಕೆನಡಾದ ಒಂಟಾರಿಯೋ ಪ್ರಾಂತ್ಯದ ಪ್ರಾಯೋಗಿಕ ಸರೋವರವೊಂದಕ್ಕೆ 2001ರಿಂದ 2003ರವರೆಗೆ ಗರ್ಭನಿರೋಧಕ ಮಾತ್ರೆಗಳಲ್ಲಿರುವ ಎಥಿನೈಲ್ ಈಸ್ಟ್ರಡಯೋಲ್ ಎಂಬ ಕೃತಕ ಈಸ್ಟ್ರೋಜನ್ನನ್ನು ಬೇಕೆಂದೇ ಬೆರೆಸಲಾಯಿತು. ಲೀಟರಿಗೆ 5–6 ನ್ಯಾನೋಗ್ರಾಂನಷ್ಟು ಅಲ್ಪ ಪ್ರಮಾಣಕ್ಕೇ ಅಲ್ಲಿನ ಫ್ಯಾಟ್‌ಹೆಡ್ ಮಿನ್ನೋ ಮೀನುಗಳ ಸಂತತಿ ಅಳಿವಿನಂಚಿಗೆ ಬಂತು. ಮೀನುಗಳು ವಿಷವೇರಿ ಸತ್ತು ತೇಲಲಿಲ್ಲ. ಹೊಸ ಮರಿಗಳು ಹುಟ್ಟಿ ಬೆಳೆಯುವುದು ನಿಂತಿತು. ಬೆರೆಸುವುದನ್ನು ನಿಲ್ಲಿಸಿದ ಮೇಲೆ ಕೆಲವು ವರ್ಷಗಳಲ್ಲಿ ಸಂಖ್ಯೆ ಚೇತರಿಸಿಕೊಂಡಿತು ಎಂಬುದು ನಿಜವಾಗಿಯೂ ಸಮಾಧಾನದ ಸಂಗತಿ.

ಉತ್ತರ 2

ಮೇಲಿನ ಉತ್ತರಕ್ಕೆ ಮಿಶ್ರಣದ ಭಾಗವನ್ನು ಸೇರಿಸುತ್ತೇನೆ. ಗಂಡು ಫ್ಯಾಟ್‌ಹೆಡ್ ಮಿನ್ನೋಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈಸ್ಟ್ರಡಯೋಲ್, ಎಥಿನೈಲ್ ಈಸ್ಟ್ರಡಯೋಲ್, ನೊನೈಲ್‌ಫಿನಾಲ್, ಆಕ್ಟೈಲ್‌ಫಿನಾಲ್, ಬಿಸ್ಫಿನಾಲ್ ಎ ಎಂಬ ಐದು ವಸ್ತುಗಳನ್ನು ಬಳಸಿದ್ದರು. ಬಿಡಿಯಾಗಿ ಕೊಟ್ಟಾಗ ಗಮನಾರ್ಹ ಪರಿಣಾಮ ತೋರದಷ್ಟು ಕಡಿಮೆ ಪ್ರಮಾಣಗಳೇ, ಒಟ್ಟಿಗೆ ಸೇರಿದಾಗ ರಕ್ತದ ವಿಟೆಲ್ಲೋಜೆನಿನ್ ಮಟ್ಟವನ್ನು ಏರಿಸಿದವು. ಐದೂ ಒಂದೇ ಈಸ್ಟ್ರೋಜನ್ ಗ್ರಾಹಕಕ್ಕೆ (ಹಾರ್ಮೋನಿನ ಸಂದೇಶವನ್ನು ಸ್ವೀಕರಿಸುವ, ಜೀವಕೋಶದಲ್ಲಿರುವ ಪ್ರೋಟೀನಿಗೆ) ಅಂಟಿಕೊಳ್ಳುವುದರಿಂದ, ಯಕೃತ್ತಿನ ಮಟ್ಟಿಗೆ ಅವು ಒಂದೇ ಔಷಧದ ಬೇರೆಬೇರೆ ಪ್ರಮಾಣಗಳಿದ್ದಂತೆ. ಎಥಿನೈಲ್ ಈಸ್ಟ್ರಡಯೋಲ್ ನೊನೈಲ್‌ಫಿನಾಲಿಗಿಂತ ಸಾವಿರಾರು ಪಟ್ಟು ಪ್ರಬಲವಾದ್ದರಿಂದ ತೂಕಗಳನ್ನು ಹಾಗೆಯೇ ಕೂಡುವಂತಿಲ್ಲ. ಪ್ರತಿಯೊಂದನ್ನೂ ಅದರ ಸಾಮರ್ಥ್ಯಕ್ಕೆ ತಕ್ಕಂತೆ ಪರಿವರ್ತಿಸಿಕೊಂಡು ಕೂಡಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಈಸ್ಟ್ರೋಜನ್ ಸಾಮರ್ಥ್ಯವನ್ನೆಲ್ಲ ಕೂಡಿ, ಆ ಮೊತ್ತಕ್ಕೆ ಒಂದು ಮಿತಿ ಹಾಕಿದರೆ ಸಾಕಾಗುವುದೇ?

ಉತ್ತರ 3

ಈಗಿನ ಪದ್ಧತಿಗಿಂತ ಅದು ಎಷ್ಟೋ ಮೇಲು, ಆದರೆ ಅಷ್ಟೇ ಸಾಲದು. ನೀರಿಗೆ ಸೇರುವ ಎಲ್ಲ ವಸ್ತುಗಳೂ ಈಸ್ಟ್ರೋಜನ್ನಿನಂತೆ ವರ್ತಿಸುವುದಿಲ್ಲ. ದನಗಳನ್ನು ಕೊಬ್ಬಿಸಲು ಕೆಲವು ದೇಶಗಳಲ್ಲಿ ಬಳಸುವ ಟ್ರೆನ್‌ಬೊಲೋನ್ ಗಂಡು ಹಾರ್ಮೋನಿನ ಕೆಲಸ ಮಾಡುತ್ತದೆ. ಅದಕ್ಕೆ ಒಡ್ಡಿದ ಹೆಣ್ಣು ಮಿನ್ನೋಗಳ ಮೂತಿಯ ಮೇಲೆ, ಸಂತಾನಕಾಲದಲ್ಲಿ ಗಂಡುಗಳಿಗಷ್ಟೇ ಮೂಡುವ ಗಂಟುಗಳು ಏಳುತ್ತವೆ. ಕೆಲವು ಅಜೋಲ್ ಶಿಲೀಂಧ್ರನಾಶಕಗಳು ಈಸ್ಟ್ರಡಯೋಲನ್ನು ತಯಾರಿಸುವ ಅರೋಮಟೇಸ್ ಕಿಣ್ವವನ್ನೇ ತಡೆಯುತ್ತವೆ. ಇಂಥವು ಈಸ್ಟ್ರೋಜನ್ ತರಹದ ವಸ್ತುಗಳೊಂದಿಗೆ ಬೆರೆತಾಗ ಸರಳ ಸಂಕಲನ ಕೈಕೊಡುತ್ತದೆ.

ನನಗೆ ಹೆಚ್ಚು ಆತಂಕವಾಗುವುದು ಇಲ್ಲಿಯೇ. ವಿರುದ್ಧ ದಿಕ್ಕಿನ ಎರಡು ವಸ್ತುಗಳು ಒಂದರ ಗುರುತನ್ನು ಇನ್ನೊಂದು ಅಡಗಿಸಿಬಿಡಬಹುದು. ಗಂಡು ಮೀನಿನ ವಿಟೆಲ್ಲೋಜೆನಿನ್ ಏರದಿದ್ದುದನ್ನು ನೋಡಿ ನೀರು ಶುದ್ಧವಾಗಿದೆಯೆಂದು ತೀರ್ಮಾನಿಸಿದರೆ, ಅದೇ ನೀರಿನಲ್ಲಿ ಹೆಣ್ಣುಗಳು ಇಡುವ ಮೊಟ್ಟೆಗಳ ಸಂಖ್ಯೆ ಇಳಿಯುತ್ತಿರುವುದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ರಾಸಾಯನಿಕಗಳ ಪಟ್ಟಿಯ ಜೊತೆಗೆ, ನೀರಿನ ಮಾದರಿಯ ಒಟ್ಟು ಈಸ್ಟ್ರೋಜನ್ ಮತ್ತು ಆಂಡ್ರೋಜನ್ (ಗಂಡು ಹಾರ್ಮೋನು) ಚಟುವಟಿಕೆಯನ್ನು ಜೀವಕೋಶಗಳ ಮೇಲೆ ಅಳೆಯುವ ಪರೀಕ್ಷೆಯನ್ನೂ, ಅಲ್ಲಿಯೇ ಹಿಡಿದ ಮೀನುಗಳ ವೃಷಣ ಮತ್ತು ಅಂಡಾಶಯಗಳ ಪರೀಕ್ಷೆಯನ್ನೂ, ಮರಿಗಳ ಎಣಿಕೆಯನ್ನೂ ಕೇಳಬೇಕು. ನೀವು ಓದಿದ ವರದಿಗಳಲ್ಲಿ ಇವು ಇಲ್ಲವೆಂದಾದರೆ, ‘ಮಿತಿಯೊಳಗಿದೆ’ ಎಂಬ ಮಾತು ಆ ಪಟ್ಟಿಯಲ್ಲಿರುವ ವಸ್ತುಗಳಿಗಷ್ಟೇ, ಅದೂ ಬಿಡಿಬಿಡಿಯಾಗಿ ನೋಡಿದಾಗ ಮಾತ್ರ, ಅನ್ವಯಿಸುತ್ತದೆ.