ಅಪ್‌ಡೇಟ್: ಕ್ರೊಯೇಷ್ಯಾದ ಹಾಯಿದೋಣಿ, ಡೀಸೆಲ್ ಮತ್ತು ಸಿಹಿನೀರು

ಕ್ರೊಯೇಷ್ಯಾದ ಬಂದರು ನಗರ ಸ್ಪ್ಲಿಟ್‌ನಿಂದ ಒಂದು ವಾರ ಹಾಯಿದೋಣಿ ಬಾಡಿಗೆಗೆ ತಗೊಂಡರೆ ಸಿಹಿನೀರು ಸಾಲುತ್ತದಾ, ಡೀಸೆಲ್ ಎಲ್ಲಿ ಹಾಕಿಸಬೇಕು ಅಂತ ಕೇಳಿದ್ದೆ. ಹೋಗಿ ಬಂದೆವು. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಡೀಸೆಲ್ ದೊಡ್ಡ ಚಿಂತೆ ಅಲ್ಲ. ಗಾಳಿ ಇದ್ದರೆ ಎಂಜಿನ್ ಬೇಕಾಗುವುದೇ ಕಡಿಮೆ. ಆದರೆ ಟ್ಯಾಂಕ್ ತುಂಬಿಸಿಯೇ ದೋಣಿ ವಾಪಸ್ ಕೊಡಬೇಕು. ಬಾಡಿಗೆ ವಾರ ಶನಿವಾರಕ್ಕೆ ಮುಗಿಯುವುದರಿಂದ ಶುಕ್ರವಾರ ಮಧ್ಯಾಹ್ನ ಸ್ಪ್ಲಿಟ್ ಬಂಕ್‌ನಲ್ಲಿ ದೋಣಿಗಳ ಸಾಲೋ ಸಾಲು. ನೀವು ಹೇಳಿದ ಹಾಗೆ ಬ್ರಾಚ್ ದ್ವೀಪದ ಮಿಲ್ನಾದಲ್ಲಿ ಬೆಳಿಗ್ಗೆಯೇ ಹಾಕಿಸಿ ರಸೀದಿ ಇಟ್ಟುಕೊಂಡೆವು. ಹೀಗೆ ಬೇರೆ ಕಡೆ ಮೊದಲೇ ಹಾಕಿಸಿದರೆ ನಡೆಯುತ್ತದಾ ಅಂತ ಬಾಡಿಗೆ ಕೊಟ್ಟವರನ್ನು ಮೊದಲೇ ಕೇಳಿ.

ನಿಜವಾಗಿ ಗಮನ ಬೇಕಿರುವುದು ನೀರಿಗೆ. ನಮ್ಮ ದೋಣಿಯಲ್ಲಿ ಎರಡು ಟ್ಯಾಂಕ್. ಒಂದರ ವಾಲ್ವ್ ಮಾತ್ರ ತೆರೆದಿಟ್ಟೆವು. ಅದು ಖಾಲಿಯಾದಾಗ ಇನ್ನೊಂದು ಪೂರ್ತಿ ಉಳಿದಿದೆ ಅಂತ ಖಾತ್ರಿ, ಮಟ್ಟ ತೋರಿಸುವ ಗೇಜ್ ನಂಬಿ ಕೂರಬೇಕಿಲ್ಲ. ಪಾತ್ರೆಗಳನ್ನು ಸಮುದ್ರದ ನೀರಲ್ಲೇ ತೊಳೆದು, ಕೊನೆಗೊಮ್ಮೆ ಸಿಹಿನೀರು. ಬಂದರಿನ ಒಳಗೆ ಮಾತ್ರ ಹಾಗೆ ಮಾಡಬೇಡಿ, ಅಲ್ಲಿನ ನೀರು ಕೊಳಕು.

ನಲ್ಲಿ ಮುಚ್ಚಿದ್ದರೂ ಟ್ಯಾಂಕ್‌ನಿಂದ ನಲ್ಲಿಗೆ ನೀರು ತಳ್ಳುವ ಪಂಪ್ ಓಡುತ್ತಿದ್ದರೆ ಟ್ಯಾಂಕ್ ಖಾಲಿ, ಇಲ್ಲವೇ ಎಲ್ಲೋ ಸೋರಿಕೆ. ತಕ್ಷಣ ಸ್ವಿಚ್ ಆಫ್ ಮಾಡಿ. ಡೆಕ್ ಮೇಲೆ ನೀರಿನ ಮುಚ್ಚಳ, ಡೀಸೆಲ್ ಮುಚ್ಚಳ ನೋಡಲು ಒಂದೇ ಥರ ಇರುತ್ತವೆ. ಮೇಲೆ ಬರೆದಿದ್ದನ್ನು ಓದಿಯೇ ತೆರೆಯಿರಿ.